ಯಶೋದಾ ಮೇಡಂ ಅವರ ಶನಿವಾರ

ಜಾವಳಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಯಶೋದಾ ಮೇಡಂ ಶನಿವಾರ ಮಾತ್ರ ಮಕ್ಕಳಿಗೆ ಮನೆಯ ಫೋನು ತರಲು ಬಿಡುತ್ತಾರೆ. ಮೂವತ್ತೊಂದು ಮಕ್ಕಳಿಗೆ ಬರುವುದು ಒಂಬತ್ತೇ ಫೋನು. ಪಾಠದ ನಡುವೆ ಯಾವುದಾದರೊಂದಕ್ಕೆ ಅಪ್ಪನನ್ನೋ ಅಮ್ಮನನ್ನೋ ಕೇಳಿಕೊಂಡು ಎಸ್ಟೇಟಿನ ಮೇಸ್ತ್ರಿಯ ಕರೆ ಬಂದೇ ಬರುತ್ತದೆ. ಮೇಡಂ ತಾವೇ ಎತ್ತಿ, "ಕ್ಲಾಸ್ ನಡೀತಿದೆ ಮಾರಾಯ್ರೆ, ಆಮೇಲೆ ಮಾಡಿ" ಎಂದು ಇಡುತ್ತಾರೆ. ಸಿಗ್ನಲ್ ಜಗಲಿಯ ತುದಿಯಲ್ಲಷ್ಟೇ ಸಿಗುವುದರಿಂದ ಇಡೀ ತರಗತಿಯನ್ನು ಅಲ್ಲಿಗೇ ಒಯ್ಯುತ್ತಾರೆ. ಅವರದು ಒಂದೇ ಕಟ್ಟುನಿಟ್ಟಿನ ನಿಯಮ: ಫೋನು ತಂದವರು ಕೈಕಟ್ಟಿ ಕೂರಬೇಕು, ಫೋನಿಲ್ಲದವರು ಒತ್ತಬೇಕು. ತಂದವರು ಬಾಯಲ್ಲಿ ಹೇಳಿಕೊಡಬಹುದು, ಬೆರಳು ತಾಗಿಸುವಂತಿಲ್ಲ. ಕಾಫಿ ಎಲೆಯ ಫೋಟೊ ತೆಗೆದು ಅದರ ರೋಗ ಯಾವುದೆಂದು ಹುಡುಕಲು ತೋಟದ ಕೆಲಸದ ಬೊಮ್ಮಯ್ಯನ ಮಗಳು ಸುಗುಣಾಳಿಗೆ ಒಂದು ಪೀರಿಯಡ್ಡೇ ಹಿಡಿದರೂ ಮೇಡಂ ಕಾಯುತ್ತಾರೆ. ಕಳೆದ ತಿಂಗಳು ರಶ್ಮಿಯ ಅಪ್ಪ, ಅಂಗಡಿಯ ರೇಣುಕಪ್ರಸಾದ್ ಬಂದು, "ಅದು ನಮ್ಮ ರಶ್ಮಿಗೆ ಅಂತ ಕೊಡಿಸಿದ ಫೋನು ಮೇಡಂ. ಬೇರೆ ಮಕ್ಕಳು ಯಾಕೆ ಒತ್ತಬೇಕು? ಇನ್ನು ಕಳಿಸಲ್ಲ" ಎಂದರು. ಮೇಡಂ ದನಿ ಏರಿಸಲಿಲ್ಲ. "ನಾನು ಓದುವಾಗ ಕಂಪ್ಯೂಟರ್ ಒಂದು, ನಾವು ಆರು ಜನ. ಗೊತ್ತಿದ್ದವರೇ ಮುಂದೆ ಕೂರೋರು. ವರ್ಷ ಪೂರ್ತಿ ನಾನು ಕಂಡಿದ್ದು ಮುಂದಿದ್ದವಳ ಜಡೆ. ನೀವು ಕಳಿಸದಿದ್ರೆ ಎಂಟು ಫೋನಲ್ಲಿ ನಡೆಸ್ತೀನಿ. ನಿಯಮ ಬದಲಾಗಲ್ಲ." ಮುಂದಿನ ಶನಿವಾರ ಎಂಟೇ ಫೋನು ಬಂದವು. ರಶ್ಮಿ ಬರಿಗೈಯಲ್ಲಿ ಬಂದು, ತಲೆ ತಗ್ಗಿಸಿ ಎಲ್ಲರ ಹಿಂದೆ ನಿಂತಿದ್ದಳು. ಮೇಡಂ ಮೊದಲ ಫೋನನ್ನು ಅವಳ ಕೈಗೇ ಕೊಟ್ಟರು.