ತಂತಿ ಹಿಡಿದು ನಡೆಯುತ್ತಿದ್ದ ಮೇಡಂ

ಮೇಡಂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಧೂಳಿನಿಂದ ಕಪ್ಪಗಿರುತ್ತಿದ್ದವು. ತಪಾಸಣೆಗೆ ಹೋದಲ್ಲೆಲ್ಲ ಅವರು ಮೊದಲು ಕಂಪ್ಯೂಟರಿನ ಹಿಂದಿನ ತಂತಿಯನ್ನು ಆ ಎರಡು ಬೆರಳಲ್ಲಿ ಹಿಡಿದು, ಬೀದಿಯ ಕಂಬದವರೆಗೆ ನಡೆದುಬಿಡುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮೈಸೂರಿನ ಸುತ್ತಲಿನ ವಾಚನಾಲಯಗಳಿಗೆ ರಾಜ್ಯ ಸರ್ಕಾರ ಬ್ರಾಡ್‌ಬ್ಯಾಂಡ್ ಕೊಡಿಸುತ್ತಿತ್ತು. ತಂತಿ ಎಳೆಯುವುದು ಗುತ್ತಿಗೆದಾರರ ಕೆಲಸ, ಅದು ನಿಜವಾಗಿ ಆಗಿದೆಯೇ ಎಂದು ನೋಡುವುದು ನಮ್ಮ ಕಚೇರಿಯದು. ಮೇಡಂ ಅಲ್ಲಿ ಸೂಪರಿಂಟೆಂಡೆಂಟ್, ನಾನು ಹೊಸದಾಗಿ ಸೇರಿದ ಗುಮಾಸ್ತೆ.

ಒಂದು ದಿನ ನನ್ನ ವರದಿ ಓದುತ್ತಾ ಕನ್ನಡಕ ತೆಗೆದರು.

"ಹಿನಕಲ್ ಕಡೆ ವಾಚನಾಲಯದಲ್ಲಿ ಸಂಪರ್ಕ ಇದೆ ಅಂತ ಬರ್ದಿದ್ದೀಯ. ಹೋಗಿ ನೋಡಿದ್ಯಾ?"

"ಇಲ್ಲ ಮೇಡಂ. ಗುತ್ತಿಗೆದಾರರು ಫೋನಲ್ಲಿ ಹೇಳಿದ್ರು."

ಬೈಯಲಿಲ್ಲ. "ನಡಿ" ಎಂದು ನನ್ನನ್ನು ತಮ್ಮ ಮೊಪೆಡ್ಡಿಗೆ ಹತ್ತಿಸಿಕೊಂಡರು.

ವಾಚನಾಲಯದ ಕಂಪ್ಯೂಟರಿಗೆ ಹೂವಿನ ಬಟ್ಟೆ ಹೊದಿಸಿತ್ತು. ತಂತಿ ಕಿಟಕಿಯಿಂದ ಹೊರಗೆ ಹೋಗಿ, ಗೋಡೆಯ ಮೊಳೆಗೆ ಸುರುಳಿ ಸುತ್ತಿಕೊಂಡು ನಿಂತಿತ್ತು.

"ಮೂರು ತಿಂಗಳಿಂದ ಇಂಗೇ ಬುಟ್ಟೋಗವ್ರೆ ಕಣ್ರೀ" ಎಂದರು ವಾಚನಾಲಯದವರು.

ಬಾಗಿಲ ಬಳಿ ಒಬ್ಬಳು ಹುಡುಗಿ ಅಂಕಪಟ್ಟಿ ಹಿಡಿದು ನಿಂತಿದ್ದಳು. ನರ್ಸಿಂಗ್ ಕೋರ್ಸಿಗೆ ಅರ್ಜಿ ತುಂಬಬೇಕಿತ್ತು, ಅಂದೇ ಕೊನೆಯ ದಿನ. ಇಲ್ಲಿ ಇಂಟರ್ನೆಟ್ ಬಂದಿದೆ ಎಂದು ಯಾರೋ ಹೇಳಿದ್ದರಂತೆ. ನನಗೆ ತಲೆ ಎತ್ತಲಾಗಲಿಲ್ಲ.

ಮೇಡಂ ಗಡಿಯಾರ ನೋಡಿದರು. "ನಮ್ಮ ಆಫೀಸಲ್ಲೇ ತುಂಬೋಣ ಬಾಮ್ಮ" ಎಂದು ಆಕೆಯನ್ನು ಕೂರಿಸಿಕೊಂಡು, ನನಗೆ "ನೀನು ಬಸ್ಸಲ್ಲಿ ಬಾ" ಎಂದರು.

ನಾನು ತಲುಪುವಷ್ಟರಲ್ಲಿ ಅರ್ಜಿ ಹೋಗಿತ್ತು. ಮೇಡಂ ನನ್ನ ವರದಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

"ನೀನೇ ತಿದ್ದು. ನಾನು ತಿದ್ದಿದ್ರೆ ಅದು ನಿನ್ನ ಮೇಲೆ ದೂರು ಆಗುತ್ತೆ ಕಣಮ್ಮ."

'ಇದೆ' ಎಂಬುದನ್ನು ಹೊಡೆದುಹಾಕಿ 'ಇಲ್ಲ' ಎಂದು ಬರೆದೆ. ಅಷ್ಟರಲ್ಲಿ ಆ 'ಇದೆ'ಯನ್ನೇ ನಂಬಿ ಮೇಡಂ ರುಜುವಿನೊಂದಿಗೆ ಹೋಗಿದ್ದ ಪಟ್ಟಿ ಬೆಂಗಳೂರು ತಲುಪಿ, ವಾಚನಾಲಯದ ಇಂಟರ್ನೆಟ್ ಉದ್ಘಾಟನೆಗೆ ದಿನವೂ ಗೊತ್ತಾಗಿತ್ತು. ತಿದ್ದಿದ ವರದಿ ಹೋದ ಮೇಲೆ ಅದು ನಿಂತುಹೋಯಿತು. ತಪ್ಪು ವರದಿ ಯಾರದೆಂದು ಮೇಲಿನಿಂದ ನೋಟಿಸ್ ಬಂತು. ಸಮಜಾಯಿಷಿಯನ್ನು ಮೇಡಂ ತಾವೇ ಬರೆದು ಕಳಿಸಿದರು. ಏನು ಬರೆದಿರೆಂದು ಕೇಳಿದ್ದಕ್ಕೆ "ಆದದ್ದನ್ನ ಬರ್ದೆ, ಹೋಗು ಕೆಲಸ ನೋಡು" ಎಂದರು. ಎರಡು ವಾರದಲ್ಲಿ ವಾಚನಾಲಯದ ತಂತಿ ಕಂಬ ಮುಟ್ಟಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ನಿವೃತ್ತರಾದ ಮರುವರ್ಷವೇ ಅವರು ತೀರಿಕೊಂಡರು. ಕುವೆಂಪುನಗರದ ಮನೆಗೆ ಹೋದಾಗ ಅವರ ಯಜಮಾನರು ನನ್ನ ಹೆಸರು ಕೇಳಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಆ ವಾಚನಾಲಯದ ವಿಷಯದಲ್ಲಿ, ನೋಡದೆ ರುಜು ಹಾಕಿದ್ದು ನನ್ನದೇ ತಪ್ಪು ಅಂತ ಬರ್ಕೊಟ್ಟಿದ್ಲು. ಬಡ್ತಿ ನಿಂತುಹೋಯ್ತು. ನೀವು ಕೆಲಸಕ್ಕೆ ಹೊಸಬರು, ನಿಮಗೆ ಗೊತ್ತಾಗ್ಬಾರ್ದು ಅಂದಿದ್ಲು."

ಬಡ್ತಿ ಯಾಕೆ ಬರಲಿಲ್ಲವೆಂದು ನಾನೊಮ್ಮೆ ಅವರನ್ನೇ ಕೇಳಿದ್ದೆ. ನಕ್ಕು, ಕಾಫಿ ತರಿಸಿದ್ದರು.