ಓಡಿಹೋದದ್ದಲ್ಲ, ಓಡಿಸಿದ್ದು

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಬ್ಯೂಟಿ ಪಾರ್ಲರ್ ಇತ್ತು. ಮೂರು ಕುರ್ಚಿ, ತಲೆ ತೊಳೆಯಲು ಒಂದು ಬೇಸಿನ್, ಆ ಬೇಸಿನ್ನಿನ ಹಿಂದೆ ಮೊಣಕೈವರೆಗೆ ನೊರೆ ಮೆತ್ತಿಕೊಂಡು ನಿಂತಿರುತ್ತಿದ್ದ ಹತ್ತೊಂಬತ್ತರ ಹುಡುಗಿ. ಹೆತ್ತವರು ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲೇ ಉಳಿದುಹೋಗಿತ್ತು. ಎಲ್ಲರೂ ಕರೆಯುತ್ತಿದ್ದದ್ದು ರೇಡಿಯೋ ಅಂತ. ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿ ಎಲ್ಲಿದೆ ಅನ್ನುವುದು ಅವಳ ಅಮ್ಮನಿಗೂ ಗೊತ್ತಿರಲಿಲ್ಲ. ಪಾರ್ಲರಿನ ಒಡತಿ ಅವಳ ಚಿಕ್ಕಮ್ಮ. "ಕೈ ಆಡ್ಲಿ, ಬಾಯಿ ಕೂತಿರ್ಲಿ" ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆದರೆ ರೇಡಿಯೋಗೆ ಕೈಗೂ ಬಾಯಿಗೂ ಒಂದೇ ಸ್ವಿಚ್ಚು.

ತಲೆ ತೊಳೆಸಿಕೊಳ್ಳುವವರ ಪಾಡು ನೋಡಿ. ಕುತ್ತಿಗೆ ಹಿಂದಕ್ಕೆ ಬಿದ್ದಿರುತ್ತದೆ, ಕಣ್ಣು ಮುಚ್ಚಿರುತ್ತದೆ, ಎದ್ದು ಹೋಗೋಣವೆಂದರೆ ತಲೆತುಂಬ ನೊರೆ. ಕಥೆ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಕೇಳುಗರು ಎಲ್ಲಿ ಸಿಗಬೇಕು? ಒಂದು ಶನಿವಾರ ಎದುರು ರಸ್ತೆಯ ಬ್ಯಾಂಕಿನ ಮೇಡಂ ಬೇಸಿನ್ನಿಗೆ ತಲೆ ಕೊಟ್ಟು ಒರಗಿದ್ದರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಅವರಿಗೆ ಬೇಸರವಾಗದಿರಲಿ ಎಂದು ರೇಡಿಯೋ ಬಾಯಿಗೆ ಬಂದದ್ದು ಹೇಳತೊಡಗಿದಳು.

"ಒಂದು ದಿಬ್ಬಣದ ಬಸ್ಸು ಮೇಡಂ. ಅರ್ಧ ದಾರೀಲಿ ಡ್ರೈವರಿಗೆ ಹೊಟ್ಟೆನೋವು ಬಂತು. ಮದುವೆ ಹೆಣ್ಣೇ ಎದ್ದು ಸ್ಟೇರಿಂಗ್ ಹಿಡಿದ್ಲು. ಮದುವೆ ಹಾಲ್ ಬಂತು. ಬಾಗಿಲಲ್ಲಿ ಗಂಡಿನ ಕಡೆಯೋರು ಸಾಲಾಗಿ ಹಲ್ಲು ಬಿಟ್ಕೊಂಡು ನಿಂತಿದಾರೆ. ಬಸ್ಸು ನಿಲ್ಲಲೇ ಇಲ್ಲ!"

"ಅಯ್ಯೋ! ಆಮೇಲೆ?"

"ಆಮೇಲೆ ಮುಂದಿನ ಶನಿವಾರ. ನೊರೆ ಹೋಯ್ತು, ಏಳಿ."

ಮೇಡಂ ಬುಧವಾರವೇ ಬಂದರು.

ತಿಂಗಳೊಪ್ಪತ್ತಿನಲ್ಲಿ ಆ ಬಸ್ಸಿನ ಸುದ್ದಿ ಬೀದಿಗೆಲ್ಲ ಹಬ್ಬಿತು. ಕೊಳೆಯಿಲ್ಲದ ತಲೆಗಳೂ ತೊಳೆಸಿಕೊಳ್ಳಲು ಬಂದವು. ಮೂರನೆಯ ಕುರ್ಚಿಯವರು "ಸ್ವಲ್ಪ ಜೋರಾಗಿ ಹೇಳೇ" ಅಂತ ಕೂಗುತ್ತಿದ್ದರು. ಚಿಕ್ಕಮ್ಮ ಅಪಾಯಿಂಟ್‌ಮೆಂಟ್ ಪುಸ್ತಕ ತಿರುವಿ ನೋಡಿದಳು; ಹಾಳೆ ಭರ್ತಿ. ಬಾಯಿ ಕೂತಿರಲಿ ಅನ್ನುವ ಮಾತನ್ನು ಮೆಲ್ಲಗೆ ನುಂಗಿಕೊಂಡಳು.

ಬಸ್ಸು ಮುಂದೆ ಮುಂದೆ ಹೋದಂತೆ ಹೊಸ ಪ್ರಯಾಣಿಕರು ಬೇಕಾದರು. ಅವರನ್ನೆಲ್ಲ ರೇಡಿಯೋ ಗಾಳಿಯಿಂದ ತರುತ್ತಿರಲಿಲ್ಲ. ಬೇಸಿನ್ನಿಗೆ ತಲೆ ಕೊಟ್ಟವರು ಗುಟ್ಟನ್ನೂ ಕೊಟ್ಟೇ ಹೋಗುತ್ತಾರೆ. ಬ್ಯಾಂಕ್ ಮೇಡಂ ಒಮ್ಮೆ ಕಣ್ಣು ಮುಚ್ಚಿಕೊಂಡೇ ಹೇಳಿದ್ದರು: "ಪ್ರತಿ ಗುರುವಾರ ಬ್ಯಾಂಕಲ್ಲಿ ಮೀಟಿಂಗ್ ಅಂತ ಮನೇಲಿ ಹೇಳಿ ಒಬ್ಬಳೇ ಸಿನಿಮಾಗೆ ಹೋಗ್ತೀನಿ ಕಣೇ. ಎರಡೂವರೆ ಗಂಟೆ ಯಾರೂ ನನ್ನ ಏನೂ ಕೇಳಲ್ಲ." ರೇಡಿಯೋ ಅವರನ್ನು ಅಂಚೆ ಕಚೇರಿಯ ಹೆಂಗಸು ಮಾಡಿದಳು, ಕನ್ನಡಕ ಹಾಕಿದಳು, ಹತ್ತು ವರ್ಷ ಚಿಕ್ಕವಳನ್ನಾಗಿ ಮಾಡಿದಳು, ಬಸ್ಸು ಹತ್ತಿಸಿದಳು. ಎಲ್ಲ ಬದಲಾಯಿಸಿದವಳು ಗುರುವಾರವನ್ನು ಮಾತ್ರ ಹಾಗೇ ಬಿಟ್ಟಳು.

ಆ ಕಂತು ಹೇಳಿದ ದಿನ ಬೇಸಿನ್ನಿಗೆ ಒರಗಿದ್ದವರು ಬ್ಯಾಂಕ್ ಮೇಡಮ್ಮಿನ ಅತ್ತೆ. ಎಪ್ಪತ್ತರ ಅಜ್ಜಿ. ಕಿವಿ ಮಾತ್ರ ಇಪ್ಪತ್ತರದು.

"ಏನಂದೆ? ಗುರುವಾರನಾ?"

"ಹೂಂ ಅಜ್ಜಿ, ಪ್ರತಿ ಗುರುವಾರ. ಮೀಟಿಂಗ್ ಅಂತ ಸುಳ್ಳು ಹೇಳಿ..."

ಅಜ್ಜಿ ನೊರೆಯ ಸಮೇತ ಎದ್ದು ಕೂತರು. "ನಮ್ಮ ಸೊಸೆಗೂ ಗುರುವಾರವೇ ಮೀಟಿಂಗು!"

ರೇಡಿಯೋಗೆ ನೀರಿನ ನಲ್ಲಿ ಯಾವ ಕಡೆ ತಿರುಗುತ್ತದೆ ಅನ್ನುವುದೇ ಮರೆತುಹೋಯಿತು.

ಮರುದಿನ ಬ್ಯಾಂಕ್ ಮೇಡಂ ಮೆಟ್ಟಿಲು ಹತ್ತಿ ಬಂದರು. ಕೂರಲಿಲ್ಲ, ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ನಿನಗೆ ಕಥೆ ಬೇಕಿದ್ರೆ ನಿನ್ನದು ಹೇಳು. ನನಗಿದ್ದದ್ದು ಅದೊಂದೇ ಗುರುವಾರ" ಎಂದಷ್ಟೇ ಹೇಳಿ ಇಳಿದುಹೋದರು. ಚಿಕ್ಕಮ್ಮ ಅಂದೇ ಕಟ್ಟಪ್ಪಣೆ ಮಾಡಿದಳು: "ಇನ್ನು ಬೇಸಿನ್ ಹತ್ರ 'ನೀರು ಬಿಸಿಯಾಯ್ತಾ' ಅನ್ನೋದು ಬಿಟ್ಟು ಬೇರೆ ಮಾತು ಬಂದ್ರೆ ನೀನುಂಟು, ನಿಮ್ಮಮ್ಮ ಉಂಟು."

ಒಂದು ದಿನ ಕಳೆಯಿತು. ಎರಡು ದಿನ ಕಳೆಯಿತು. ಮೂರನೆಯ ದಿನದ ಹೊತ್ತಿಗೆ ರೇಡಿಯೋಗೆ ಹೊಟ್ಟೆಯುಬ್ಬರ. ಕಥೆ ಒಳಗೇ ಕೂತು ಹಾರ್ನ್ ಹೊಡೆಯುತ್ತಿತ್ತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಬರುವುದಿಲ್ಲ. ಕೂದಲು ಒಣಗಿಸುವ ಯಂತ್ರದ ಕೆಳಗಿನ ಕುರ್ಚಿಯಲ್ಲಿ ಮುದುರಿ ಕೂತು, ಹಳೆಯ ನೋಟ್‌ಬುಕ್ಕಿನ ಖಾಲಿ ಪುಟಗಳಲ್ಲಿ ಬರೆಯತೊಡಗಿದಳು. ಗುರುವಾರದ ಹೆಂಗಸನ್ನು ಮೊದಲೇ ಬಸ್ಸಿನಿಂದ ಇಳಿಸಿದಳು. ಆಮೇಲೆ ಬೇರೆಯವರಿಂದ ಎರವಲು ತಂದ ಒಬ್ಬೊಬ್ಬರನ್ನೂ ಇಳಿಸಿದಳು. ಕೊನೆಗೆ ನೋಡಿದರೆ ಬಸ್ಸಿನಲ್ಲಿ ಉಳಿದವಳು ಮದುವೆ ಹೆಣ್ಣು ಒಬ್ಬಳೇ.

ಇವಳು ಬಸ್ಸು ಯಾಕೆ ನಿಲ್ಲಿಸಲಿಲ್ಲ? ಬೇಸಿನ್ ಮುಂದೆ ಹೇಳುವಾಗ ರೇಡಿಯೋ ಗಂಡಿಗೆ ದಪ್ಪ ಮೀಸೆ ಅಂಟಿಸಿ, ದುಷ್ಟ ಬುದ್ಧಿ ತುಂಬಿ, ಕೇಳಿದವರಿಂದ "ಥೂ" ಅನ್ನಿಸಿ ಮುಗಿಸಿದ್ದಳು. ಬರೆಯಲು ಕೂತರೆ ಆ ಮೀಸೆ ನಿಲ್ಲಲೊಲ್ಲದು. ಪೆನ್ನು ಕಚ್ಚುತ್ತ ಎರಡು ಮಧ್ಯಾಹ್ನ ಕೂತಳು. ಮೂರನೆಯ ಮಧ್ಯಾಹ್ನ ಇದ್ದಕ್ಕಿದ್ದಂತೆ ಹೊಳೆಯಿತು. ಗಂಡು ಒಳ್ಳೆಯವನೇ. ಹುಡುಗಿಗೆ ಅವನ ಮೇಲೆ ಸಿಟ್ಟೂ ಇಲ್ಲ. ಹುಟ್ಟಿದಾಗಿನಿಂದ ಅಷ್ಟು ದೊಡ್ಡದೊಂದನ್ನು ಅವಳು ತನ್ನ ಕೈಯಾರೆ ತಿರುಗಿಸಿರಲಿಲ್ಲ, ಅಷ್ಟೇ. ತಿರುಗಿಸಿದರೆ ತಿರುಗಿತು! ಆ ಖುಷಿಗೆ ಅವಳಿಗೆ ಬ್ರೇಕೇ ನೆನಪಾಗಲಿಲ್ಲ. ರೇಡಿಯೋ ಎದ್ದು ನಿಂತು, ತಲೆ ಯಂತ್ರಕ್ಕೆ ಢಣ್ ಅಂತ ಬಡಿದುಕೊಂಡು, ನೋವೂ ತಿಳಿಯದೆ ಬರೆದಳು: "ಅವಳು ಓಡಿಹೋದದ್ದಲ್ಲ, ಓಡಿಸಿದ್ದು." ಬರೆದವಳು ಕುರ್ಚಿಯ ಸುತ್ತ ಮೂರು ಸುತ್ತು ಕುಣಿದಳು.

"ಏನಾಯ್ತೇ? ಜಿರಳೆನಾ?" ಎಂದು ಚಿಕ್ಕಮ್ಮ ಒಳಗಿಂದ ಕೇಳಿದಳು.

"ಅಲ್ಲ ಚಿಕ್ಕಮ್ಮ, ವಾಕ್ಯ!"

ಬರೆದು ಮುಗಿಸಿ, ನೋಟ್‌ಬುಕ್ ಹಿಡಿದು ಬ್ಯಾಂಕಿಗೆ ಹೋದಳು. ಮೇಡಮ್ಮಿನ ಕೌಂಟರಿನ ಸಾಲಿನಲ್ಲಿ ನಿಂತು, ಸರದಿ ಬಂದಾಗ ಗಾಜಿನ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದಳು. "ತಪ್ಪಾಯ್ತು ಮೇಡಂ. ಇದರಲ್ಲಿ ನಿಮ್ಮದೇನಾದ್ರೂ ಇದ್ರೆ ಹೊಡೆದುಹಾಕಿ." ಹಿಂದಿನವರು ಗೊಣಗತೊಡಗಿದ್ದರಿಂದ ಅಲ್ಲಿಂದ ಓಡಿದಳು.

ವಾರದ ಮೇಲೆ ಮೇಡಂ ಪಾರ್ಲರಿಗೆ ಬಂದರು. ನೋಟ್‌ಬುಕ್ಕಿನ ತುಂಬ ಕೆಂಪು ಗೆರೆ. "ಇಲ್ಲಿ ಜಂಬ ಕೊಚ್ಕೊಂಡಿದೀಯ. ಇಲ್ಲಿ ಹೆದರಿಕೊಂಡು ಬೇಗ ಮುಗಿಸಿದೀಯ. ಇದು ಚೆನ್ನಾಗಿದೆ, ಮುಟ್ಟಬೇಡ." ಆಮೇಲೆ ಕೊನೆಯ ಪುಟ ತಿರುವಿ ಕೇಳಿದರು, "ಅವಳೆಲ್ಲಿ? ಗುರುವಾರದವಳು?"

"ತೆಗೆದುಬಿಟ್ಟೆ ಮೇಡಂ."

"ಹಾಕು. ಬಸ್ಸು ಖಾಲಿ ಖಾಲಿ ಅನ್ನಿಸ್ತಿದೆ. ಆದ್ರೆ ಮಂಗಳವಾರ ಮಾಡು."

"ಮನೇಲಿ... ಅಜ್ಜಿ ಏನಂದ್ರು ಮೇಡಂ?"

ಮೇಡಮ್ಮಿನ ಮುಖ ಸಪ್ಪಗಾಯಿತು. "ಏನೂ ಅನ್ನಲಿಲ್ಲ. ಈಗ ಪ್ರತಿ ಗುರುವಾರ ಅವರೂ ಜೊತೆಗೆ ಬರ್ತಾರೆ. ಇಡೀ ಸಿನಿಮಾ ಮಾತಾಡ್ತಾರೆ."

ರೇಡಿಯೋಗೆ ನಗು ತಡೆಯಲಾಗಲಿಲ್ಲ. ತುಟಿ ಕಚ್ಚಿದಳು, ಟವೆಲ್ಲು ಬಾಯಿಗೆ ಒತ್ತಿದಳು, ಆದರೂ ಮೂಗಿನಿಂದ ಹೊರಬಂತು. ಮೇಡಂ ಗಂಭೀರವಾಗಿ ನೋಡಿದರು. ಆಮೇಲೆ ಅವರೂ ಶುರುವಾದರು. ಇಬ್ಬರೂ ಬೇಸಿನ್ ಹಿಡಿದುಕೊಂಡು ಕಣ್ಣೀರು ಬರುವವರೆಗೆ ನಕ್ಕರು.

ಕಥೆಯನ್ನು ವಾರಪತ್ರಿಕೆಯೊಂದಕ್ಕೆ ಕಳಿಸಲು ಹೇಳಿದ್ದೂ ಮೇಡಮ್ಮೇ. ಮನೆಯಲ್ಲಿ ಫೋನಿಲ್ಲದ್ದರಿಂದ ರೇಡಿಯೋ ಪಾರ್ಲರಿನ ನಂಬರು ಬರೆದಿದ್ದಳು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಚಿಕ್ಕಮ್ಮ ಎತ್ತಿದಳು. ಆ ಕಡೆಯ ಹೆಂಗಸು ಯಾವ ಪೀಠಿಕೆಯೂ ಇಲ್ಲದೆ, "ತುಂಬ ಇಷ್ಟವಾಯ್ತು. ಆದ್ರೆ ಸ್ವಲ್ಪ ಕತ್ತರಿಸಬೇಕಾಗುತ್ತೆ" ಎಂದಳು.

"ಕತ್ತರಿಸೋಣ. ಎಷ್ಟು ಉದ್ದ ಇದೆ?"

"ಇಪ್ಪತ್ತೆರಡು ಪುಟ."

"ಪುಟ ಅಂದ್ರೆ? ಭುಜದಿಂದ ಕೆಳಗಾ?"

"ನೋಡಿ, ಬಾಲ ಸ್ವಲ್ಪ ಜಾಸ್ತಿಯಾಗಿದೆ. ಅದನ್ನ ತೆಗೆದ್ರೆ ರೂಪ ಬರುತ್ತೆ."

"ಖಂಡಿತ ಬರುತ್ತೆ! ಕೊನೆ ಸೀಳಿದ್ರೆ ಕತ್ತರಿಸಲೇಬೇಕು. ಶನಿವಾರ ಹನ್ನೊಂದಕ್ಕೆ ಬನ್ನಿ."

ರೇಡಿಯೋ ಬಂದು ಫೋನು ಕಿತ್ತುಕೊಳ್ಳುವಷ್ಟರಲ್ಲಿ ಸಂಪಾದಕಿಗೆ ಶನಿವಾರ ಹನ್ನೊಂದರ ಅಪಾಯಿಂಟ್‌ಮೆಂಟ್ ಬರೆದಾಗಿತ್ತು.

ಪತ್ರಿಕೆ ಬಂದ ದಿನ ಪಾರ್ಲರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರ ಮುಖಕ್ಕೆ ಬಿಳಿ ಲೇಪ, ಇನ್ನೊಬ್ಬರ ಒಂದು ಹುಬ್ಬು ತಿದ್ದಿದೆ, ಇನ್ನೊಂದು ಹಾಗೇ ಇದೆ. ಬ್ಯಾಂಕ್ ಮೇಡಂ ಒಂದು ಬದಿಗೆ ನಿಂತಿದ್ದರು; ಅವರ ಅತ್ತೆ ಅಜ್ಜಿ ತಲೆಗೆ ಬಣ್ಣ ಮೆತ್ತಿಸಿಕೊಂಡು ನಡುವಿನ ಕುರ್ಚಿಯಲ್ಲಿ ವಿರಾಜಮಾನರಾಗಿದ್ದರು. "ಓದೇ" ಎಂದರು ಎಲ್ಲರೂ. ರೇಡಿಯೋ ಪತ್ರಿಕೆ ಬಿಡಿಸಿ ಬಾಯಿ ತೆರೆದಳು. ಧ್ವನಿಯೇ ಬರಲಿಲ್ಲ! ದಿನಕ್ಕೆ ಹನ್ನೆರಡು ಗಂಟೆ ವಟಗುಟ್ಟುವ ಹುಡುಗಿ ಪತ್ರಿಕೆಯನ್ನೇ ನೋಡುತ್ತ ನಿಂತಳು. ಅಚ್ಚಾದ ಆ ಸಾಲುಗಳಲ್ಲಿ ಮೇಡಂ ತಾವಾಗಿ ಕೊಟ್ಟ ಮಂಗಳವಾರವೊಂದನ್ನು ಬಿಟ್ಟರೆ ಅಡಗಿಕೊಳ್ಳಲು ಬೇರೆ ಯಾರ ಗುಟ್ಟೂ ಇರಲಿಲ್ಲ, ಉಳಿದದ್ದೆಲ್ಲ ಅವಳದೇ.

"ಏನೇ, ಬ್ಯಾಟರಿ ಮುಗೀತಾ?" ಎಂದರು ಅಜ್ಜಿ.

ಎಲ್ಲರೂ ಘೊಳ್ಳೆಂದು ನಕ್ಕರು. ಆ ನಗುವಿನ ಸಂದಿಯಲ್ಲೇ ರೇಡಿಯೋ ಮೊದಲ ಸಾಲು ನುಗ್ಗಿಸಿದಳು. ಎರಡನೆಯದು ಸ್ವಲ್ಪ ಗಟ್ಟಿಯಾಗಿ ಬಂತು. ಬಸ್ಸು ಹಾಲ್ ದಾಟುವ ಹೊತ್ತಿಗೆ ಕೆಳಗಿನ ಚಪ್ಪಲಿ ಅಂಗಡಿಯವರೂ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಮಂಗಳವಾರದ ಹೆಂಗಸು ಬಸ್ಸು ಹತ್ತಿದಾಗ ಅಜ್ಜಿ ಸೊಸೆಯ ಪಕ್ಕೆಗೆ ತಿವಿದು, "ಇವಳೇ ನಾನು" ಎಂದರು.

ಕಥೆ ಮುಗಿಯಿತು. ಚಪ್ಪಾಳೆಯ ನಡುವೆ ಚಿಕ್ಕಮ್ಮ ಮೂಗು ಒರೆಸಿಕೊಳ್ಳುತ್ತ ಗಡಿಯಾರ ನೋಡಿ ಚೀರಿದಳು. ಅಜ್ಜಿಯ ತಲೆಯ ಬಣ್ಣ ತೊಳೆಯಬೇಕಾದ ಹೊತ್ತು ಮೀರಿ ಅರ್ಧ ಗಂಟೆಯಾಗಿತ್ತು. ತೊಳೆದು ನೋಡಿದರೆ ಕೂದಲು ಕಾಗೆಯೂ ನಾಚುವಷ್ಟು ಕಪ್ಪು. ಅಜ್ಜಿ ಕನ್ನಡಿಯಲ್ಲಿ ಅತ್ತ ತಿರುಗಿದರು, ಇತ್ತ ತಿರುಗಿದರು. "ಪರವಾಗಿಲ್ಲ, ಇದೇ ಇರ್ಲಿ" ಎಂದರು.

ಅಂದು ಸಂಜೆ ಮನೆಗೆ ಹೋಗುವಾಗ ರೇಡಿಯೋಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೂಲೆಯ ಪತ್ರಿಕೆ ಅಂಗಡಿಯಲ್ಲಿ ನಿಂತು ಅದೇ ವಾರಪತ್ರಿಕೆಯ ಇನ್ನೂ ಮೂರು ಪ್ರತಿ ಕೇಳಿದಳು.

"ಒಂದೇ ಪತ್ರಿಕೆ ಮೂರು ಯಾಕಮ್ಮಾ?" ಎಂದ ಅಂಗಡಿಯವನು.

"ಒಂದು ಅಮ್ಮನಿಗೆ, ಒಂದು ಅಪ್ಪನಿಗೆ, ಒಂದು ದಿಂಬಿನ ಕೆಳಗೆ."

"ಅಂಥದ್ದೇನಿದೆ ಇದರಲ್ಲಿ?"

ರೇಡಿಯೋ ಬಾಯಿ ತೆರೆದಳು. ದಿಬ್ಬಣ, ಡ್ರೈವರಿನ ಹೊಟ್ಟೆನೋವು, ಸ್ಟೇರಿಂಗು, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಮತ್ತೆ ಬಾಯಿ ಮುಚ್ಚಿ, ಹಲ್ಲೆಲ್ಲ ಕಾಣುವಂತೆ ನಕ್ಕಳು.

"ಹದಿನೇಳನೇ ಪುಟ ಅಣ್ಣ. ಓದಿ ನೋಡಿ."