ಆಂಪ್ಲಿಫೈಯರ್ ಕಟ್ಟಲು ಹೋಗಿ ಚಿನ್ನದ ಕಳ್ಳನಾದದ್ದು

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕಾರ್ಮಿಕರ ಮನೆಸಾಲಾದ ನಮ್ಮ ಲೈನಿನಲ್ಲಿ ಒಲೆಯದಲ್ಲದ ಹೊಗೆ ಎದ್ದರೆ ಜನರ ಮೂಗು ನೆಟ್ಟಗಾಗುತ್ತಿತ್ತು. ಗಣಿಯಿಂದ ಅದಿರು ಕದ್ದು ತಂದು, ಮನೆಯಲ್ಲೇ ಅರೆದು, ಪಾದರಸ ಹಾಕಿ ಕಾಯಿಸಿ ಚಿನ್ನ ತೆಗೆಯುವವರು ಎಂಬತ್ತರ ದಶಕದಲ್ಲೂ ಇದ್ದರು. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತಿತ್ತು, ಗಣಿಯವರು ಕೊಟ್ಟ ಮನೆಯೂ ಹೋಗುತ್ತಿತ್ತು. ಇದೆಲ್ಲ ಗೊತ್ತಿದ್ದೂ, ಐಟಿಐ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು ಹಿತ್ತಿಲಲ್ಲಿ ಆಂಪ್ಲಿಫೈಯರ್ ಕಟ್ಟತೊಡಗಿದೆ.

ಬಂಗಾರಪೇಟೆ ಸ್ಟೇಷನ್ ಹತ್ತಿರದ ರೇಡಿಯೋ ರಿಪೇರಿಯವನಿಂದ ಎರಡು ದಪ್ಪ ಪವರ್ ಟ್ರಾನ್ಸಿಸ್ಟರ್ ತಂದಿದ್ದೆ. ನಕಲಿ ಮಾಲು ಓಡಾಡುತ್ತಿದ್ದ ಕಾಲ. ಅಸಲಿ ಎಂದು ಅವನು ಆಣೆ ಇಟ್ಟಾಗಲೇ ನನಗೆ ಅನುಮಾನ ಶುರುವಾಗಿತ್ತು. ತಾಮ್ರದ ಬೋರ್ಡನ್ನು ಬಟ್ಟಲಿನ ಕಂದು ದ್ರಾವಣದಲ್ಲಿ ಅದ್ದಿ, ಬೇಡದ ತಾಮ್ರ ಕರಗುವವರೆಗೆ ಅಲ್ಲಾಡಿಸುತ್ತಿದ್ದೆ. ಆಮೇಲೆ ಬೆಸುಗೆ. ಅದರ ಹೊಗೆ ಗೋಡೆ ದಾಟುತ್ತಿತ್ತು. ಏನು ಕಾಯಿಸುತ್ತಿದ್ದೀಯ ಎಂದು ಪಕ್ಕದ ಮನೆಯಾಕೆ ತಮಿಳಿನಲ್ಲಿ ಕೇಳುವಳು. ನನ್ನನ್ನು ಇಣುಕಿ ನೋಡಲು ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಿದ್ದಳು ಮಹಾತಾಯಿ.

ಗಣಿಯಲ್ಲಿ ಕೆಲಸಕ್ಕಿದ್ದ ಅಪ್ಪ ನನ್ನೊಡನೆ ಮಾತು ಕಡಿಮೆ ಮಾಡಿದರು. ನಾನಿಲ್ಲದಾಗ ಬಟ್ಟಲಿನ ತಳ ಕೆದಕಿ ನೋಡುತ್ತಾರೆಂದು ಅವರ ಬೆರಳಿನ ಕಂದು ಕಲೆಯೇ ಹೇಳುತ್ತಿತ್ತು. ಸ್ವಂತ ಮಗನ ಮೇಲೂ ಅನುಮಾನ! ಮೈಯೆಲ್ಲ ಉರಿಯಿತು. ನಾನೂ ಮಾತು ಬಿಟ್ಟೆ.

ಒಂದು ಸಂಜೆ ಗಣಿಯ ಕಾವಲಿನವರಿಬ್ಬರು ಬಂದರು. ಬಟ್ಟಲು ಮೂಸಿದರು. ನೆಲಕ್ಕೆ ಬಿದ್ದಿದ್ದ ಬೆಸುಗೆಯ ಹನಿಗಳನ್ನು ಕಾಗದದಲ್ಲಿ ಕಟ್ಟಿಕೊಂಡರು. ಇದು ಹಾಡುವ ಪೆಟ್ಟಿಗೆ ಎಂದರೆ ನಂಬಲಿಲ್ಲ, ಹಾಗಾದರೆ ಹಾಡಿಸು ಎಂದರು. ಅಪ್ಪನ ಕೆಲಸ, ನಮ್ಮ ಮನೆ, ಎಲ್ಲವೂ ಆ ಎರಡು ಟ್ರಾನ್ಸಿಸ್ಟರುಗಳ ಮೇಲೆ ನಿಂತಿತ್ತು. ರೇಡಿಯೋದ ತಂತಿ ಸೇರಿಸಿ, ಸ್ವಿಚ್ ಒತ್ತಿದೆ. ಮೊದಲು ಬರೀ ಗುಂಯ್ ಎಂದಿತು. ಆಮೇಲೆ ರಾಗಿಗೆ ಗೊಬ್ಬರ ಹಾಕುವ ವಿಧಾನ ಇಡೀ ಲೈನಿಗೆ ಕೇಳುವಂತೆ ಮೊಳಗಿತು. ಕಾವಲಿನವರು ನಗುತ್ತ ಹೊರಟುಹೋದರು.

ನಾನು ಪಕ್ಕದ ಮನೆಯ ಗೋಡೆಯತ್ತ ತಿರುಗಿ, ಚಾಡಿ ಹೇಳಿದವರ ನಾಲಿಗೆ ಬಿದ್ದುಹೋಗಲಿ ಎಂದು ಕೂಗಿದೆ. ಅಪ್ಪ ನನ್ನ ರಟ್ಟೆ ಹಿಡಿದರು.

"ಆವಮ್ಮನ್ನ ಯಾಕ್ಲಾ ಬೈತೀಯ? ಕಾವಲ್ನೋರ್ಗೆ ಏಳ್ದೋನು ನಾನೇ."

ನಾನು ರಟ್ಟೆ ಬಿಡಿಸಿಕೊಂಡೆ.

"ಬೇರೆಯೋರು ಏಳಿದ್ರೆ ನನ್ ಕೆಲ್ಸ, ಮನೆ ಎಲ್ಡೂ ಓಗ್ತಿತ್ತು. ನಾನೇ ಏಳಿದ್ರೆ ಜೈಲ್ಗೆ ಓಗಾದು ನೀನೊಬ್ನೇ. ಮನೇಲಿ ನಿನ್ ತಂಗೀರು ಇಬ್ರು ಅವ್ರೆ ಕಣ್ಲಾ."

ಅವರ ಲೆಕ್ಕ ಸರಿಯೇ ಅನ್ನಿಸಿತು. ಅದಕ್ಕೇ ಹೆಚ್ಚು ನೋವಾಯಿತು. ರಾಗಿಯ ಮಾತು ಇನ್ನೂ ಮುಗಿದಿರಲಿಲ್ಲ. ನಾನು ಸ್ವಿಚ್ ಆರಿಸಿದೆ.